ಕ್ಲಾಸ್ ಒನ್ ಪರೀಕ್ಷೆ, ಚೀಫ್ ಎಂಜಿನಿಯರ್ ಹುದ್ದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿ ಚಿಂಚವಡದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ವ್ಯಾಪಾರಿ ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಬೇಕೆಂಬ ಆಸೆ ಇದೆ. ಇದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ? ನವಿ ಮುಂಬೈನ ಏಜೆಂಟರೊಬ್ಬರು ಹಣ ಕೊಟ್ಟರೆ ಹಡಗಿನ ಕೆಲಸ ಖಾತ್ರಿ ಎನ್ನುತ್ತಿದ್ದಾರೆ. ನಂಬಬಹುದೇ?
— ಓದುಗರೊಬ್ಬರು, ಪಿಂಪ್ರಿ-ಚಿಂಚವಡ

ಉತ್ತರ: ಮೊದಲು ಏಜೆಂಟರ ವಿಷಯ. ಕೆಲಸ ಕೊಡಿಸುವುದಕ್ಕೆಂದು ನಾವಿಕರಿಂದ ಹಣ ಪಡೆಯುವುದನ್ನು ನಮ್ಮ ದೇಶದ ನಿಯಮವೂ ಒಪ್ಪುವುದಿಲ್ಲ, 2006ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದವೂ ಒಪ್ಪುವುದಿಲ್ಲ. ನಾವಿಕರನ್ನು ಹಡಗಿಗೆ ಕಳುಹಿಸುವ ಸಂಸ್ಥೆಗೆ ಹಡಗು ಸಾರಿಗೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಡಿ.ಜಿ. ಶಿಪ್ಪಿಂಗ್ ಕಚೇರಿ ನೀಡುವ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ಆ ಏಜೆಂಟರ ಬಳಿ ಪರವಾನಗಿ ಸಂಖ್ಯೆ ಕೇಳಿ, ಡಿ.ಜಿ. ಶಿಪ್ಪಿಂಗ್‌ನ ಜಾಲತಾಣದಲ್ಲಿ ತಾಳೆ ನೋಡಿ. ಸಂಖ್ಯೆ ಕೇಳಿದ ತಕ್ಷಣ ಮಾತು ಬದಲಿಸುವವರ ಸಹವಾಸವೇ ಬೇಡ.

ನಿಮ್ಮಂಥ ಮೆಕ್ಯಾನಿಕಲ್ ಪದವೀಧರರಿಗೆ ಇರುವ ದಾರಿ ಜಿಎಂಇ ಎಂಬ ಸುಮಾರು ಒಂದು ವರ್ಷದ ತರಬೇತಿ. ಡಿ.ಜಿ. ಶಿಪ್ಪಿಂಗ್ ಅನುಮೋದಿಸಿದ ಸಂಸ್ಥೆಯಲ್ಲಿ ಮಾತ್ರ ಸೇರಬೇಕು, ವಯಸ್ಸು ಮತ್ತು ಅಂಕಗಳ ಮಿತಿಯನ್ನು ಅರ್ಜಿ ಹಾಕುವ ಮೊದಲೇ ಓದಿಕೊಳ್ಳಬೇಕು. ಅಲ್ಲಿಂದ ಜೂನಿಯರ್ ಎಂಜಿನಿಯರ್ ಆಗಿ ಹಡಗು ಹತ್ತಿ, ಎಂಜಿನ್ ಕೋಣೆಯ ವಾಚ್‌ನಲ್ಲಿ (ಸರದಿಯ ಕಾವಲು ಕೆಲಸದಲ್ಲಿ) ಕನಿಷ್ಠ 6 ತಿಂಗಳು ದುಡಿದ ಬಳಿಕ ಕ್ಲಾಸ್ ಫೋರ್ ಪರೀಕ್ಷೆಗೆ ಕೂರಬಹುದು. ಅದು ಕೈಗೆ ಬಂದರೆ ಫೋರ್ತ್, ಆಮೇಲೆ ಥರ್ಡ್ ಎಂಜಿನಿಯರ್. ಕ್ಲಾಸ್ ಟೂ ಪಾಸಾದರೆ ಸೆಕೆಂಡ್, ಕ್ಲಾಸ್ ಒನ್ ಪಾಸಾದರೆ ಎಂಜಿನ್ ಕೋಣೆಯ ಮುಖ್ಯಸ್ಥನಾದ ಚೀಫ್ ಹುದ್ದೆಗೆ ಅರ್ಹತೆ. ಪ್ರೊಪಲ್ಷನ್ (ಹಡಗನ್ನು ಮುಂದೂಡುವ) ಶಕ್ತಿ 3000 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿರುವ ಹಡಗುಗಳಲ್ಲಿ ಚೀಫ್ ಆಗಲು ಒಟ್ಟು 36 ತಿಂಗಳ ಸೀ ಟೈಮ್ (ಹಡಗಿನಲ್ಲಿ ದುಡಿದ ಅವಧಿ) ಬೇಕೆಂದು, ಅದರಲ್ಲಿ 12 ತಿಂಗಳು ಸೆಕೆಂಡ್ ಎಂಜಿನಿಯರ್ ಆಗಿಯೇ ಕಳೆದಿದ್ದರೆ ಒಟ್ಟು 24 ತಿಂಗಳಿಗೆ ಇಳಿಸಬಹುದೆಂದು ನಾವಿಕರ ತರಬೇತಿ ಮತ್ತು ಪ್ರಮಾಣಪತ್ರಗಳ ಅಂತರರಾಷ್ಟ್ರೀಯ ಎಸ್‌ಟಿಸಿಡಬ್ಲ್ಯು ಒಪ್ಪಂದ ಹೇಳುತ್ತದೆ. ಇದು ಕನಿಷ್ಠ ಮಿತಿ. ನಮ್ಮ ದೇಶದ ಷರತ್ತುಗಳನ್ನು ಡಿ.ಜಿ. ಶಿಪ್ಪಿಂಗ್‌ನ ಚಾಲ್ತಿಯಲ್ಲಿರುವ ಆದೇಶದಲ್ಲಿ ನೋಡಿಕೊಳ್ಳಬೇಕು.

ಹಾಗಾದರೆ ಮೂರೇ ವರ್ಷವೇ ಎಂದು ಹಿಗ್ಗಬೇಡಿ. ಸೀ ಟೈಮ್ ಎಂದರೆ ಸಿಡಿಸಿ ಎಂಬ ನಾವಿಕರ ಸೇವಾ ದಾಖಲೆ ಪುಸ್ತಕದಲ್ಲಿ ಸೈನ್ ಆನ್ (ಹಡಗು ಹತ್ತಿದ) ಮತ್ತು ಸೈನ್ ಆಫ್ (ಇಳಿದ) ಮುದ್ರೆಗಳ ನಡುವಿನ ದಿನಗಳು ಮಾತ್ರ. ರಜೆಯಲ್ಲಿ ಮನೆಯಲ್ಲಿದ್ದ ದಿನಗಳು, ಮುಂದಿನ ಹಡಗಿಗೆ ಕಾದ ದಿನಗಳು, ಪರೀಕ್ಷೆಗೆ ಓದಿದ ತಿಂಗಳುಗಳು ಯಾವುವೂ ಲೆಕ್ಕಕ್ಕೆ ಬಾರವು. ಇವನ್ನೆಲ್ಲ ಕೂಡಿಸಿದರೆ ಎಂಟು-ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಪ್ರತಿ ಹಡಗಿನಿಂದ ಇಳಿಯುವ ಮೊದಲೇ ನಿಮ್ಮ ಹುದ್ದೆ, ಎಂಜಿನ್‌ನ ಕಿಲೋವ್ಯಾಟ್, ವಾಚ್ ನಿರ್ವಹಿಸಿದ ಅವಧಿ ಸ್ಪಷ್ಟವಾಗಿರುವ ಸೇವಾ ಪತ್ರವನ್ನು ಸಹಿ ಮಾಡಿಸಿ ತೆಗೆದುಕೊಳ್ಳಿ. ಕಂಪನಿ ಬಿಟ್ಟು ನಾಲ್ಕು ವರ್ಷವಾದ ಮೇಲೆ ಆ ಕಾಗದಕ್ಕಾಗಿ ಅಲೆಯುವ ಪಾಡು ಬೇಡ.

ಪ್ರಶ್ನೆ: ನಾವು ಕಾರವಾರದ ಕಡೆಯವರು. ಗೋವಾದ ಮಾಂಡವಿ ಮತ್ತು ಜುವಾರಿ ನದಿಗಳಲ್ಲಿ ಅದಿರು ಸಾಗಿಸುವ ಬಾರ್ಜ್‌ನಲ್ಲಿ ಬಹಳ ವರ್ಷ ಎಂಜಿನ್ ಡ್ರೈವರ್ ಆಗಿದ್ದೇನೆ. ಬಾರ್ಜ್‌ನಲ್ಲಿ ಎಲ್ಲರೂ ನನ್ನನ್ನು ಚೀಫ್ ಎಂದೇ ಕರೆಯುತ್ತಾರೆ. ಈ ಅನುಭವದ ಮೇಲೆ ದೊಡ್ಡ ಹಡಗಿನ ಪರೀಕ್ಷೆಗೆ ಕೂರಬಹುದೇ?
— ಓದುಗರೊಬ್ಬರು, ವಾಸ್ಕೊ

ಉತ್ತರ: ನೇರವಾಗಿ ಕೂರಲು ಆಗುವುದಿಲ್ಲ. ಎಸ್‌ಟಿಸಿಡಬ್ಲ್ಯು ಒಪ್ಪಂದ ಸಮುದ್ರಯಾನದ ಹಡಗುಗಳಿಗೆ ಮಾತ್ರ ಅನ್ವಯಿಸುತ್ತದೆ. ನದಿಯ ಬಾರ್ಜ್‌ಗಳು ಒಳನಾಡು ಹಡಗುಗಳ ಕಾಯಿದೆಯ ವ್ಯಾಪ್ತಿಗೆ ಸೇರುತ್ತವೆ. 1917ರ ಹಳೆಯ ಕಾಯಿದೆಯ ಜಾಗದಲ್ಲಿ 2021ರಲ್ಲಿ ಹೊಸದು ಬಂದರೂ ಈ ಎರಡು ವ್ಯವಸ್ಥೆಗಳ ನಡುವಿನ ಗೋಡೆ ಹಾಗೆಯೇ ಉಳಿದಿದೆ. ನಿಮ್ಮ ಕೈಚಳಕವನ್ನು ಯಾರೂ ಅಲ್ಲಗಳೆಯುತ್ತಿಲ್ಲ. ನದಿಯ ಮಧ್ಯೆ ಕೆಟ್ಟು ನಿಂತ ಎಂಜಿನನ್ನು ಒಬ್ಬನೇ ಸಹಾಯಕನೊಡನೆ ಮತ್ತೆ ಚಾಲೂ ಮಾಡುವುದು ಎಲ್ಲ ಪದವೀಧರರಿಗೂ ಒಲಿಯುವ ವಿದ್ಯೆಯಲ್ಲ. ಆದರೆ ಪರೀಕ್ಷೆಗೆ ಬೇಕಾದ ಸೀ ಟೈಮ್ ಆಗಿ ಅದನ್ನು ಎಣಿಸಲು ಅವಕಾಶವಿಲ್ಲ. ಕರಾವಳಿಗೆ ಹತ್ತಿರದ ಯಾನಕ್ಕೆ ಎನ್‌ಸಿವಿ ಎಂಬ ಪ್ರತ್ಯೇಕ ಪ್ರಮಾಣಪತ್ರಗಳಿವೆ. ಗೋವಾದ ಗಣಿಗಾರಿಕೆ 2012ರಲ್ಲೊಮ್ಮೆ, 2018ರಲ್ಲೊಮ್ಮೆ ನಿಂತು ಬಾರ್ಜ್‌ಗಳು ದಡದಲ್ಲೇ ಉಳಿದದ್ದನ್ನು ಕಂಡ ನೀವು ಬೇರೆ ದಾರಿ ಹುಡುಕುತ್ತಿರುವುದು ಸಹಜ. ನಿಮ್ಮ ದಾಖಲೆಗಳನ್ನು ಹಿಡಿದು ಡಿ.ಜಿ. ಶಿಪ್ಪಿಂಗ್ ಕೆಳಗಿನ ಮರ್ಕೆಂಟೈಲ್ ಮರೀನ್ ಡಿಪಾರ್ಟ್‌ಮೆಂಟ್ ಕಚೇರಿಯಲ್ಲಿ ಈ ಎನ್‌ಸಿವಿ ದಾರಿಯ ಬಗ್ಗೆಯೇ ವಿಚಾರಿಸಿ. ಅಲ್ಲಿ ಸಿಗುವ ಉತ್ತರ ಲಿಖಿತವಾಗಿರಲಿ.

ಪ್ರಶ್ನೆ: ನಾನು ಸೆಕೆಂಡ್ ಎಂಜಿನಿಯರ್. ಕ್ಲಾಸ್ ಒನ್ ಲಿಖಿತ ಪರೀಕ್ಷೆ ಆಗಿದೆ, ಮೌಖಿಕ ಪರೀಕ್ಷೆಯಾದ ಓರಲ್ಸ್‌ನಲ್ಲಿ ಫೇಲಾದೆ. ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರಿಸಿದ್ದೆ. ಆದರೂ ಪರೀಕ್ಷೆ ಮಾಡಿದ ಸರ್ವೇಯರ್ ಸಾಹೇಬರು, ‘ನೀವಿನ್ನೂ ಸೆಕೆಂಡ್ ಆಗಿಯೇ ಮಾತಾಡುತ್ತಿದ್ದೀರಿ’ ಎಂದರು. ಇದರ ಅರ್ಥವೇನು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಆ ಮಾತಿನಲ್ಲಿ ಕುಹಕವಿಲ್ಲ, ನಿಮಗೆ ಸಿಕ್ಕ ಅತ್ಯುತ್ತಮ ಸುಳಿವು ಅದೇ. ನಮ್ಮಲ್ಲಿ ಎಂಜಿನಿಯರುಗಳ ಓರಲ್ಸ್ ಫಂಕ್ಷನ್ 3, 4, 5, 6 ಎಂದು ನಡೆಯುತ್ತದೆ: ಹಡಗಿನ ನಿರ್ವಹಣೆ ಹಾಗೂ ಹಡಗಿನಲ್ಲಿರುವವರ ರಕ್ಷಣೆ, ಮರೀನ್ ಎಂಜಿನಿಯರಿಂಗ್, ವಿದ್ಯುತ್ ಮತ್ತು ಕಂಟ್ರೋಲ್, ರಿಪೇರಿ. ಕ್ಲಾಸ್ ಟೂ ಓರಲ್ಸ್‌ನಲ್ಲೂ ನೀವು ಇವೇ ವಿಷಯಗಳನ್ನು ದಾಟಿ ಬಂದಿದ್ದೀರಿ. ವಿಷಯ ಬದಲಾಗಿಲ್ಲ, ಉತ್ತರಿಸುವವನು ನಿಂತ ಜಾಗ ಬದಲಾಗಬೇಕು.

ಒಂದು ಉದಾಹರಣೆ ನೋಡಿ. ಮುಖ್ಯ ಎಂಜಿನ್‌ನ ಆಯಿಲ್ ಮಿಸ್ಟ್ ಡಿಟೆಕ್ಟರ್ ಅಲಾರಂ ಕೂಗಿತು, ಏನು ಮಾಡುತ್ತೀರಿ? ಕ್ಲಾಸ್ ಫೋರ್ ಅಭ್ಯರ್ಥಿ ಉಪಕರಣದ ಕೆಲಸ ವಿವರಿಸುತ್ತಾನೆ: ಎಲ್ಲೋ ಬೇರಿಂಗ್ ಕಾದು, ಎಣ್ಣೆ ಆವಿಯಾಗಿ, ಆ ಆವಿ ತಣ್ಣಗಾದೊಡನೆ ಎಂಜಿನ್‌ನ ಕೆಳಭಾಗದ ಮುಚ್ಚಿದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್‌ನೊಳಗೆ ಮಂಜು ಕವಿಯುತ್ತದೆ, ಅದು ಸ್ಫೋಟದ ಮಟ್ಟ ಮುಟ್ಟುವುದಕ್ಕೆ ಬಹಳ ಮೊದಲೇ ಡಿಟೆಕ್ಟರ್ ಎಚ್ಚರಿಸುತ್ತದೆ. ಸೆಕೆಂಡ್ ಆದವನು ಎಂಜಿನ್ ವೇಗ ಇಳಿಸಿ, ಹಡಗು ನಡೆಸುವ ಕೋಣೆಯಾದ ಬ್ರಿಜ್‌ಗೆ ತಿಳಿಸಿ ಎಂಜಿನ್ ನಿಲ್ಲಿಸಿ, ಕ್ರ್ಯಾಂಕ್‌ಕೇಸ್‌ನ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್‌ಗಳ ಎದುರಿನಿಂದ ಜನರನ್ನು ಸರಿಸುತ್ತೇನೆ ಎನ್ನುತ್ತಾನೆ. ಎಂಜಿನ್ ನಿಂತ ಮೇಲೂ ಕನಿಷ್ಠ 20 ನಿಮಿಷ ಕ್ರ್ಯಾಂಕ್‌ಕೇಸ್‌ನ ಬಾಗಿಲು ತೆರೆಯುವುದಿಲ್ಲ, ಏಕೆಂದರೆ ಒಳಗಿನ ಬಿಸಿ ಇಳಿಯುವ ಮೊದಲೇ ಹೊರಗಿನ ಗಾಳಿ ನುಗ್ಗಿದರೆ ಸ್ಫೋಟವಾಗುತ್ತದೆ ಎಂದೂ ಸೇರಿಸುತ್ತಾನೆ. ನೀವು ಇಲ್ಲಿಗೇ ನಿಲ್ಲಿಸಿದ್ದೀರೆಂದು ನನ್ನ ಊಹೆ.

ಚೀಫ್‌ನ ಉತ್ತರ ಇದನ್ನೆಲ್ಲ ಒಳಗೊಂಡು ಇನ್ನೂ ಮುಂದೆ ಹೋಗಬೇಕು. ಹಡಗು ಆಗ ಎಲ್ಲಿದೆ? ಕಿರಿದಾದ ಜಲಸಂಧಿಯಲ್ಲಿ, ಬಲವಾದ ಗಾಳಿಯಲ್ಲಿ, ದಡ ಹತ್ತಿರವಿರುವಾಗ ಎಂಜಿನ್ ನಿಲ್ಲಿಸಿದರೆ ಹಡಗೇ ಬಂಡೆಗೆ ಬಡಿಯಬಹುದು. ಆದ್ದರಿಂದ ಕ್ಯಾಪ್ಟನ್‌ಗೆ ನೀವು ಏನು ಹೇಳುತ್ತೀರಿ, ಎಷ್ಟು ಹೊತ್ತು ಕಡಿಮೆ ವೇಗದಲ್ಲಿ ಸಾಗಬಹುದೆಂದು ಯಾವ ಆಧಾರದ ಮೇಲೆ ಹೇಳುತ್ತೀರಿ, ಲಂಗರು ಸಿದ್ಧವಿಡಲು ಸೂಚಿಸುತ್ತೀರಾ, ಕಂಪನಿಗೆ ಯಾವಾಗ ತಿಳಿಸುತ್ತೀರಿ, ಅಲಾರಂ ಸುಳ್ಳು ಎಂದು ಥರ್ಡ್ ಎಂಜಿನಿಯರ್ ವಾದಿಸಿದರೆ ಏನು ಮಾಡುತ್ತೀರಿ, ಬೇರಿಂಗ್ ಬದಲಿಸಿದ ಮೇಲೆ ಹಡಗಿನ ಸ್ಥಿತಿ ಪರೀಕ್ಷಿಸಿ ಪ್ರಮಾಣೀಕರಿಸುವ ಕ್ಲಾಸಿಫಿಕೇಶನ್ ಸೊಸೈಟಿಯ ಸರ್ವೇಯರನ್ನು ಕರೆಸುತ್ತೀರಾ: ಪರೀಕ್ಷೆ ಮಾಡುವ ಸರ್ವೇಯರ್ ಸಾಹೇಬರಿಗೆ ಬೇಕಾದ್ದು ಇದು. 1947ರಲ್ಲಿ ಬೆಲ್‌ಫಾಸ್ಟ್ ಬಳಿ ರೀನಾ ಡೆಲ್ ಪೆಸಿಫಿಕೊ ಎಂಬ ಹಡಗು ಪ್ರಾಯೋಗಿಕ ಯಾನದಲ್ಲಿದ್ದಾಗ ಕ್ರ್ಯಾಂಕ್‌ಕೇಸ್ ಸ್ಫೋಟಿಸಿ 28 ಮಂದಿ ಸತ್ತರು. ಅಂಥ ಕೋಣೆಯ ಜವಾಬ್ದಾರಿಯನ್ನು ನಿಮ್ಮ ಕೈಗೆ ಕೊಡಬಹುದೇ ಎಂದು ನಿರ್ಧರಿಸಬೇಕಾದವರು ನಿಮ್ಮ ಎದುರು ಕೂತ ಆ ಒಬ್ಬ ವ್ಯಕ್ತಿ.

ಫಂಕ್ಷನ್ 3ಕ್ಕೂ ಇದೇ ಮಾತು ಸಲ್ಲುತ್ತದೆ. ಬಿಲ್ಜ್ ನೀರನ್ನು (ಎಂಜಿನ್ ಕೋಣೆಯ ತಳದಲ್ಲಿ ಸೇರುವ ಎಣ್ಣೆ ಮಿಶ್ರಿತ ನೀರು) ಹೊರಬಿಡುವಾಗ ಎಣ್ಣೆಯ ಅಂಶ 15 ಪಿಪಿಎಂ (ಹತ್ತು ಲಕ್ಷಕ್ಕೆ 15 ಭಾಗ) ಮೀರಬಾರದೆಂದು ಕೆಡೆಟ್ ಕೂಡ ಹೇಳುತ್ತಾನೆ. ಎಣ್ಣೆಯ ಲೆಕ್ಕ ಬರೆಯುವ ಆಯಿಲ್ ರೆಕಾರ್ಡ್ ಬುಕ್‌ನಲ್ಲಿರುವ ಅಂಕಿಗಳು ಟ್ಯಾಂಕಿನ ಅಳತೆಗೆ ತಾಳೆಯಾಗುತ್ತಿಲ್ಲವೆಂದು ಗೊತ್ತಾದ ದಿನ ಚೀಫ್ ಏನು ಮಾಡಬೇಕು ಎಂಬುದು ನಿಮ್ಮ ಪ್ರಶ್ನೆ. ನೀರಿನಿಂದ ಎಣ್ಣೆ ಬೇರ್ಪಡಿಸುವ ಸೆಪರೇಟರನ್ನು ತಪ್ಪಿಸಿ ಗುಟ್ಟಾಗಿ ಕೊಳವೆ ಹಾಕಿದ ಪ್ರಕರಣಗಳಲ್ಲಿ ಅಮೆರಿಕದ ನ್ಯಾಯಾಲಯಗಳು ಚೀಫ್ ಎಂಜಿನಿಯರುಗಳನ್ನು ಜೈಲಿಗೆ ಕಳುಹಿಸಿವೆ, ಅದೂ ಬಹುಮಟ್ಟಿಗೆ ಸುಳ್ಳು ದಾಖಲೆ ಬರೆದದ್ದಕ್ಕಾಗಿ. ಮತ್ತೆ ಪರೀಕ್ಷೆಗೆ ಹೋಗುವ ಮೊದಲು ಪುಸ್ತಕ ಮುಚ್ಚಿಟ್ಟು, ನೀವು ಕೆಲಸ ಮಾಡಿದ ಹಡಗುಗಳಲ್ಲಿ ಚೀಫ್ ತೆಗೆದುಕೊಂಡ ನಿರ್ಧಾರಗಳನ್ನು ಒಂದೊಂದಾಗಿ ನೆನೆದು, ಅವರು ಹಾಗೇಕೆ ಮಾಡಿದರು ಎಂದು ಬರೆದು ನೋಡಿ. ಮುಂಬೈನಲ್ಲಿ ಕೈಯಿಂದ ಕೈಗೆ ಓಡಾಡುವ ಓರಲ್ಸ್ ಪ್ರಶ್ನೋತ್ತರದ ಜೆರಾಕ್ಸ್ ಕಟ್ಟುಗಳಲ್ಲಿ ಇದು ಸಿಗುವುದಿಲ್ಲ.

ಪ್ರಶ್ನೆ: ಮಗ ಕ್ಲಾಸ್ ಒನ್ ಪಾಸು ಮಾಡಿ ಬಹಳ ದಿನವಾಯಿತು. ಕಂಪನಿ ಇನ್ನೂ ಸೆಕೆಂಡ್ ಆಗಿಯೇ ಕಳುಹಿಸುತ್ತಿದೆ. ಸರ್ಟಿಫಿಕೇಟ್ ವ್ಯರ್ಥವಾಗುತ್ತದೆಯೇ?
— ತಾಯಿಯೊಬ್ಬರು, ಪುಣೆ

ಉತ್ತರ: ವ್ಯರ್ಥವಾಗುವುದಿಲ್ಲ, ಅಮ್ಮ. ಪ್ರಮಾಣಪತ್ರ ಅರ್ಹತೆಯನ್ನಷ್ಟೇ ಹೇಳುತ್ತದೆ. ಕೋಟ್ಯಂತರ ರೂಪಾಯಿಯ ಯಂತ್ರಗಳನ್ನು ಯಾರಿಗೆ ಒಪ್ಪಿಸಬೇಕೆಂಬುದು ಕಂಪನಿಗೆ ಬಿಟ್ಟದ್ದು. ಅದೇ ಕಂಪನಿಯಲ್ಲಿ, ಅದೇ ಬಗೆಯ ಹಡಗಿನಲ್ಲಿ ಇಷ್ಟು ಸಮಯ ಸೆಕೆಂಡ್ ಆಗಿರಬೇಕೆಂದು ಕೇಳುವುದು ವಾಡಿಕೆ, ಟ್ಯಾಂಕರ್‌ಗಳಲ್ಲಂತೂ ಈ ಲೆಕ್ಕ ಇನ್ನೂ ಬಿಗಿ. ಬಡ್ತಿಗೆ ಏನು ಬಾಕಿ ಇದೆಯೆಂದು ಮಗ ಕಂಪನಿಯನ್ನು ನೇರವಾಗಿ ಕೇಳಲಿ. ಪ್ರಮಾಣಪತ್ರವನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಆ 5 ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಕೊನೆಯ 6 ತಿಂಗಳಲ್ಲಿ 3 ತಿಂಗಳು ಹಡಗಿನಲ್ಲಿದ್ದರೆ ಸಾಕು. ಅವರು ಸೆಕೆಂಡ್ ಆಗಿ ಹೋಗುತ್ತಿರುವುದರಿಂದ ಈ ಚಿಂತೆ ನಿಮಗಿಲ್ಲ.

ಪ್ರಶ್ನೆ: ಮಗಳಿಗೆ ಮರೀನ್ ಎಂಜಿನಿಯರಿಂಗ್ ಓದುವ ಆಸೆ. ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆಯೇ? ಅವಳಿಗೆ ಕನ್ನಡಕವೂ ಇದೆ.
— ತಂದೆಯೊಬ್ಬರು, ಮಾಟುಂಗಾ

ಉತ್ತರ: ಧಾರಾಳವಾಗಿ ತೆಗೆದುಕೊಳ್ಳುತ್ತಾರೆ. ಭಾರತದ ಮೊದಲ ಮಹಿಳಾ ಮರೀನ್ ಎಂಜಿನಿಯರ್ ಸೋನಾಲಿ ಬ್ಯಾನರ್ಜಿ ಕೋಲ್ಕತ್ತದಲ್ಲಿ ಓದು ಮುಗಿಸಿದ್ದು 1999ರಲ್ಲಿ. ಕನ್ನಡಕವಿದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ನಿಗದಿತ ದೃಷ್ಟಿಮಟ್ಟ ಇರಬೇಕು. ಆದರೆ ಬಣ್ಣ ಗುರುತಿಸುವ ಶಕ್ತಿಯಲ್ಲಿ ಕೊರತೆಯಿದ್ದರೆ ತೊಂದರೆ. ಆದ್ದರಿಂದ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ (ಐಎಂಯು) ಪ್ರವೇಶ ಪರೀಕ್ಷೆಯ ಕೋಚಿಂಗ್‌ಗೆ ಹಣ ಕಟ್ಟುವ ಮೊದಲು, ಡಿ.ಜಿ. ಶಿಪ್ಪಿಂಗ್ ಮಾನ್ಯ ಮಾಡಿದ ವೈದ್ಯರಲ್ಲಿ ಕಣ್ಣಿನ ಪರೀಕ್ಷೆ ಮಾಡಿಸಿ.