ಮೂಗಿನ ಸೌಂದರ್ಯ ಶಸ್ತ್ರಚಿಕಿತ್ಸೆ: ಪಟ್ಟಿ ಬಿಚ್ಚಿದ ದಿನ ಕಾಣುವುದು ಕೊನೆಯ ರೂಪವಲ್ಲ

ಪ್ರಶ್ನೆ: ನನಗೆ 23 ವರ್ಷ. ಮೂಗಿನ ಮೇಲ್ಭಾಗ ಉಬ್ಬಿದೆ, ತುದಿ ಕೆಳಕ್ಕೆ ಬಾಗಿದೆ. ಶಾಲೆಯ ದಿನಗಳಿಂದಲೂ ಇದು ನನ್ನನ್ನು ಕಾಡುತ್ತಿದೆ. ಮೊಬೈಲಿನಲ್ಲಿ ನಾನೇ ತೆಗೆದುಕೊಂಡ ಫೋಟೊಗಳಲ್ಲಂತೂ ಮೂಗೇ ಎದ್ದು ಕಾಣುತ್ತದೆ. ಬಲ ಹೊಳ್ಳೆ ಆಗಾಗ ಕಟ್ಟಿಕೊಳ್ಳುವುದೂ ಉಂಟು. ಎರಡು ತಿಂಗಳಲ್ಲಿ ಹೊಸ ಕೆಲಸಕ್ಕೆ ಸೇರಬೇಕು. ಅಷ್ಟರೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಮುಖ ಸರಿಹೋಗುತ್ತದೆಯೇ? ನೋವು ಬಹಳವೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿರುವ ಹೊಳ್ಳೆಯ ತೊಂದರೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೂಗು ಮೊದಲು ಉಸಿರಾಟದ ದಾರಿ. ಎರಡು ಹೊಳ್ಳೆಗಳ ನಡುವಿನ ಗೋಡೆ ಸೊಟ್ಟಗಿದ್ದರೆ ಅದನ್ನು ಇದೇ ಶಸ್ತ್ರಚಿಕಿತ್ಸೆಯಲ್ಲಿ ನೇರಗೊಳಿಸಬಹುದು. ಅದನ್ನು ಗಮನಿಸದೆ ಮೂಗನ್ನು ಕಿರಿದಾಗಿಸಿದರೆ ಈಗಿರುವ ಉಸಿರಿನ ತೊಂದರೆ ಹೆಚ್ಚಾಗಬಹುದು. ಆದ್ದರಿಂದ ಮೂಗಿನ ಒಳಭಾಗವನ್ನು ಪರೀಕ್ಷಿಸದೆ ಹೊರಗಿನ ಆಕಾರದ ಬಗ್ಗೆ ಮಾತ್ರ ಮಾತನಾಡುವ ವೈದ್ಯರಲ್ಲಿ ಈ ಚಿಕಿತ್ಸೆ ಮಾಡಿಸಿಕೊಳ್ಳಬೇಡಿ.

ಫೋಟೊಗಳ ವಿಷಯದಲ್ಲಿ ನಿಮಗೆ ಸಮಾಧಾನದ ಸುದ್ದಿಯಿದೆ. ಮುಖದಿಂದ ಸುಮಾರು 12 ಇಂಚು ದೂರದಲ್ಲಿ ಹಿಡಿದ ಮೊಬೈಲು ಮೂಗನ್ನು ಇರುವುದಕ್ಕಿಂತ ಸುಮಾರು ಶೇ. 30ರಷ್ಟು ಅಗಲವಾಗಿ ತೋರಿಸುತ್ತದೆ. ಐದು ಅಡಿ ದೂರದಿಂದ ಬೇರೆಯವರಿಂದ ಫೋಟೊ ತೆಗೆಸಿ, ಅದನ್ನು ನೋಡಿದ ಮೇಲೂ ನಿಮಗೆ ಹೀಗೆಯೇ ಅನ್ನಿಸಿದರೆ ಮುಂದುವರಿಯಿರಿ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕಳೆಯುವಂತಾಗಿದ್ದರೆ, ಜನರ ಎದುರು ಬರಲೇ ಹಿಂಜರಿಕೆಯಾಗುತ್ತಿದ್ದರೆ, ಮೊದಲು ಮನೋವೈದ್ಯರನ್ನು ಕಾಣಿ. ಅಂಥ ಸಂಕಟ ಮೂಗಿನ ಆಕಾರ ಬದಲಾದ ಮಾತ್ರಕ್ಕೆ ಶಮನವಾಗುವುದು ಅಪರೂಪ.

ಮೂಗಿನಲ್ಲಿ ಗಟ್ಟಿ ಮೂಳೆ ಇರುವುದು ಮೇಲಿನ ಭಾಗದಲ್ಲಿ ಮಾತ್ರ, ಉಳಿದದ್ದೆಲ್ಲ ಮೃದ್ವಸ್ಥಿ. ಉಬ್ಬನ್ನು ತೆಗೆದಾಗ ಮೇಲ್ಭಾಗ ಚಪ್ಪಟೆಯಾಗಿ ತೆರೆದುಕೊಳ್ಳುವುದರಿಂದ, ಎರಡೂ ಬದಿಯ ಮೂಳೆಗಳನ್ನು ಕತ್ತರಿಸಿ ಒಳಕ್ಕೆ ಸರಿಸಿ ಕೂಡಿಸಬೇಕಾಗುತ್ತದೆ; ಕಣ್ಣಿನ ಕೆಳಗೆ ನೀಲಿಗಟ್ಟುವುದಕ್ಕೆ ಮುಖ್ಯ ಕಾರಣ ಇದೇ. ಬಾಗಿದ ತುದಿಯನ್ನು ಮೃದ್ವಸ್ಥಿಗೆ ಹೊಲಿಗೆ ಹಾಕಿ ಎತ್ತುತ್ತಾರೆ. ಇವೆಲ್ಲದರ ಮೇಲೆ ಹೊದಿಕೆಯಂತೆ ಕೂರುವುದು ನಿಮ್ಮದೇ ಚರ್ಮ. ಅದು ದಪ್ಪಗಿದ್ದರೆ ಒಳಗಿನ ಸೂಕ್ಷ್ಮ ಕೆಲಸ ಹೊರಗೆ ಅಷ್ಟಾಗಿ ಕಾಣದು, ತೀರಾ ತೆಳುವಾಗಿದ್ದರೆ ಸಣ್ಣ ಏರುಪೇರೂ ಎದ್ದು ಕಾಣುತ್ತದೆ. ಬೇರೆಯವರ ಮೂಗಿನ ಚಿತ್ರ ತೋರಿಸಿ ಅದನ್ನೇ ಕೇಳಿದರೆ ಸಿಗದಿರುವುದು ಇದರಿಂದಲೇ.

ಚಿಕಿತ್ಸೆಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ನೋವು ನೀವು ಹೆದರಿರುವಷ್ಟು ಇರುವುದಿಲ್ಲ, ಮಾತ್ರೆಗಳಿಂದ ಹತೋಟಿಗೆ ಬರುತ್ತದೆ. ಹೆಚ್ಚು ಜನರನ್ನು ಬಳಲಿಸುವುದು ಮೂಗು ಕಟ್ಟಿ, ರಾತ್ರಿಯಿಡೀ ಬಾಯಲ್ಲೇ ಉಸಿರಾಡಿ ಗಂಟಲು ಒಣಗುವುದು. ತಲೆಯನ್ನು ದಿಂಬಿನಿಂದ ಎತ್ತರಿಸಿ ಮಲಗಬೇಕು, ಸಿಂಬಳ ತೆಗೆಯಲು ಮೂಗಿನಿಂದ ಜೋರಾಗಿ ಗಾಳಿ ಊದಬಾರದು, ಸೀನು ತಡೆಯಲಾಗದಿದ್ದರೆ ಬಾಯಿ ತೆರೆದು ಸೀನಬೇಕು. ಧೂಮಪಾನವನ್ನು ವಾರಗಳ ಮೊದಲೇ ಬಿಡಬೇಕು. ಆಸ್ಪಿರಿನ್‌ನಂತಹ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಸುಮಾರು ಒಂದು ವಾರಕ್ಕೆ ಮೂಗಿನ ಮೇಲಿನ ಪಟ್ಟಿ ಬಿಚ್ಚುತ್ತಾರೆ. ಆ ಕ್ಷಣ ಕನ್ನಡಿ ಹಿಡಿದವರ ಮುಖ ಬಾಡುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ: ಮೂಗು ಊದಿಕೊಂಡಿರುತ್ತದೆ, ತುದಿ ಅತಿಯಾಗಿ ಮೇಲೆದ್ದಂತಿರುತ್ತದೆ, ಮುಟ್ಟಿದರೆ ಮರಗಟ್ಟಿದಂತೆ ಅನ್ನಿಸುತ್ತದೆ. ಅದು ಕೊನೆಯ ರೂಪವಲ್ಲ. ಕಣ್ಣಿನ ಕೆಳಗಿನ ನೀಲಿ ಸಾಮಾನ್ಯವಾಗಿ ಎರಡು ವಾರಗಳಲ್ಲಿ ಮಾಯುತ್ತದೆ, ಹೆಚ್ಚಿನ ಊತ ಮೊದಲ ಕೆಲವು ತಿಂಗಳುಗಳಲ್ಲಿ ಇಳಿಯುತ್ತದೆ, ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷವೇ ಬೇಕು. ಹಾಗಾಗಿ ಎರಡು ತಿಂಗಳ ನಂತರ ನೀವು ಕೆಲಸಕ್ಕೆ ಹೋಗಬಹುದು, ಹೊಸಬರಿಗೆ ಏನೂ ಗೊತ್ತಾಗಲಿಕ್ಕಿಲ್ಲ, ಆದರೆ ನಿಮ್ಮ ಮೂಗು ಇನ್ನೂ ಬದಲಾಗುತ್ತಲೇ ಇರುತ್ತದೆ.

ರಕ್ತಸ್ರಾವ, ಸೋಂಕು, ಉಸಿರಿನ ಅಡಚಣೆ, ಎರಡೂ ಬದಿ ಸಮವಾಗಿ ಕಾಣದಿರುವುದು, ಇವು ಸಂಭವವೇ. ಕೆಲವರಿಗೆ ಎರಡನೆಯ ಚಿಕಿತ್ಸೆ ಬೇಕಾಗುತ್ತದೆ. ಅದನ್ನು ವರ್ಷ ತುಂಬುವ ಮೊದಲು ಸಾಮಾನ್ಯವಾಗಿ ಮಾಡುವುದಿಲ್ಲ, ಮಾಡಿದರೂ ಗಾಯದ ಗಟ್ಟಿ ಊತಕದ ನಡುವೆ ಕೆಲಸ ಮಾಡಬೇಕಾಗುವುದರಿಂದ ಅದು ಮೊದಲಿನದಕ್ಕಿಂತ ಕಷ್ಟ.

ಪ್ರಶ್ನೆ: ನಾನು ಕನ್ನಡಕ ಹಾಕುತ್ತೇನೆ. ಈ ಶಸ್ತ್ರಚಿಕಿತ್ಸೆಯ ನಂತರ ಎಷ್ಟು ದಿನ ಬಿಡಬೇಕು?

ಉತ್ತರ: ಮೂಳೆ ಕತ್ತರಿಸಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕನ್ನಡಕದ ಭಾರ ಮೂಗಿನ ಮೇಲೆ ಬೀಳಬಾರದು, ಕೂಡಿಕೊಳ್ಳುತ್ತಿರುವ ಮೂಳೆಯನ್ನು ಆ ಸಣ್ಣ ಒತ್ತಡವೂ ಒಳಕ್ಕೆ ತಳ್ಳಬಲ್ಲದು. ಕಾಂಟ್ಯಾಕ್ಟ್ ಲೆನ್ಸ್ ಹೊಂದುವವರು ಊತ ಇಳಿದ ಮೇಲೆ ಅದನ್ನು ಬಳಸಬಹುದು. ಇಲ್ಲವಾದರೆ ಕನ್ನಡಕವನ್ನು ಹಣೆಗೆ ಟೇಪಿನಿಂದ ಅಂಟಿಸಿಕೊಳ್ಳುವ ಉಪಾಯವನ್ನು ನಿಮ್ಮ ವೈದ್ಯರಿಂದಲೇ ಕಲಿತುಕೊಳ್ಳಿ.