ಸ್ಟಾಫ್ ರೂಮಿನಲ್ಲಿ ಸಿಕ್ಕಿದವರು

ನಮಸ್ಕಾರ ಮೇಡಂ. ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಕೆಂಟ್‌ನ ಒಂದು ಸೆಕೆಂಡರಿ ಶಾಲೆಯಲ್ಲಿ ಗಣಿತ ಹೇಳಿಕೊಡಲು ಬರುತ್ತಿದ್ದೀರಿ ಎಂದು ಓದಿ ಖುಷಿಯಾಯಿತು. ಸಂಬಳ ಸಾಲುತ್ತದಾ, ಚಳಿ ಹೇಗೆ, ಮಕ್ಕಳು ಮಾತು ಕೇಳುತ್ತಾರಾ, ಮನೆಯವರನ್ನು ಈಗಲೇ ಕರೆತರಬಹುದಾ ಎಂದೆಲ್ಲ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: "ಅಲ್ಲಿ ನಮ್ಮವರು ಅಂತ ಯಾರಾದರೂ ಆಗ್ತಾರಾ?" ಆ ಸಾಲಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಸಂಬಳ. ಸಾಲುತ್ತದೆ. ಎಂ1ರಿಂದ ಎಂ6ರವರೆಗೆ ಸಂಬಳದ ಮೆಟ್ಟಿಲುಗಳಿವೆ. ಊರಿನಲ್ಲಿ ಮಾಡಿದ ಎಂಟು ವರ್ಷದ ಸರ್ವಿಸ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಸಹಿ ಹಾಕುವ ಮೊದಲೇ ಕೇಳಿ. ಆಮೇಲೆ ಕೇಳುವುದು ಕಷ್ಟ. ಕೆಲಸ ಕೊಡಿಸಿದ್ದಕ್ಕೆ ಏಜೆಂಟರು ದುಡ್ಡು ಕೇಳಿದರೆ ಕೊಡಬೇಡಿ, ಇಲ್ಲಿನ ಕಾನೂನು ಅದನ್ನು ಒಪ್ಪುವುದಿಲ್ಲ. ಚಳಿ ಅಭ್ಯಾಸವಾಗುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವುದು ಅಭ್ಯಾಸವಾಗಲು ಸ್ವಲ್ಪ ಜಾಸ್ತಿ ದಿನ ಬೇಕು.

ಕ್ಯೂಟಿಎಸ್, ಅಂದರೆ ಇಲ್ಲಿ ಅರ್ಹ ಶಿಕ್ಷಕರೆಂಬ ಮಾನ್ಯತೆ, ಅದರ ವಿಷಯದಲ್ಲಿ ನೀವು ಅದೃಷ್ಟವಂತರು. 2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ, ಭಾಷೆಯ ಶಿಕ್ಷಕರು ನೇರವಾಗಿ ಅರ್ಜಿ ಹಾಕಬಹುದು. ನಾನು 2003ರಲ್ಲಿ ಬಂದಾಗ ಹಾಗಿರಲಿಲ್ಲ. ಪಾಠ ಮಾಡುತ್ತಲೇ ನಾಲ್ಕು ವರ್ಷದೊಳಗೆ ಅದನ್ನು ಪಡೆಯಬೇಕಿತ್ತು. ಇಲ್ಲದಿದ್ದರೆ ಶಾಲೆಯಲ್ಲಿ ಮುಂದುವರಿಯುವ ಹಾಗಿರಲಿಲ್ಲ.

ಎಸೆಕ್ಸ್‌ನ ಆ ಶಾಲೆಯಲ್ಲಿ ನನ್ನ ಮೊದಲ ದಿನ ಮಕ್ಕಳೇ ಇರಲಿಲ್ಲ. ವರ್ಷದ ಆರಂಭದಲ್ಲಿ ಶಿಕ್ಷಕರಿಗೆ ಮಾತ್ರ ಇರುವ ಇನ್ಸೆಟ್ ದಿನ ಅದು. ನಿಮಗೂ ಹಾಗೇ ಆಗಬಹುದು. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ರಜೆಯ ಕಥೆ ಹೇಳುತ್ತಿದ್ದರು. ನಾನು ಮೂಲೆಯ ಕುರ್ಚಿಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಆಗ ಪಕ್ಕಕ್ಕೆ ಬಂದು ಕುಳಿತವರು ಜಮೈಕಾದ ಗಣಿತ ಮೇಷ್ಟ್ರು. ಆ ವರ್ಷಗಳಲ್ಲಿ ಇಲ್ಲಿ ಶಿಕ್ಷಕರ ಕೊರತೆ ಇತ್ತು. ಜಮೈಕಾ, ದಕ್ಷಿಣ ಆಫ್ರಿಕಾಗಳಿಂದ ತುಂಬಾ ಜನರನ್ನು ಕರೆಸಿಕೊಂಡಿದ್ದರು. ಅವರು ನನಗಿಂತ ಒಂದು ವರ್ಷ ಮೊದಲು ಬಂದವರು. ಯಾರು ಯಾವ ಸಬ್ಜೆಕ್ಟು, ಯಾರನ್ನು ಏನು ಕೇಳಬಹುದು, ಫೋಟೋಕಾಪಿ ಯಂತ್ರದ ಹತ್ತಿರ ಯಾವಾಗ ಸಾಲು ಇರುವುದಿಲ್ಲ, ಎಲ್ಲ ಹೇಳಿದರು. ನಾನು ಕೇಳಿರಲೇ ಇಲ್ಲ.

ಈಗ ಮಕ್ಕಳ ವಿಷಯ. ನಮ್ಮ ಕಡೆ ಮೇಷ್ಟ್ರು ಒಳಗೆ ಬಂದರೆ ಇಡೀ ಕ್ಲಾಸು ಎದ್ದು ನಿಲ್ಲುತ್ತದೆ, ಅಲ್ವಾ? ಇಲ್ಲಿ ಆ ಗೌರವ ಮೊದಲೇ ಸಿಗುವುದಿಲ್ಲ. ನನಗೆ ಕೊಟ್ಟಿದ್ದು ಯಿಯರ್ 9ರ ಬಾಟಮ್ ಸೆಟ್, ಅಂದರೆ ಹದಿಮೂರು ಹದಿನಾಲ್ಕು ವಯಸ್ಸಿನ, ಕಲಿಕೆಯಲ್ಲಿ ಹಿಂದಿರುವ ಮಕ್ಕಳ ಗುಂಪು. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಗಲಾಟೆ ಮಿತಿಮೀರಿತ್ತು. ನಾನು ಬಾಗಿಲು ಗಟ್ಟಿಯಾಗಿ ಹಾಕಿಕೊಂಡಿದ್ದೆ. ಯಾಕೆ ಎಂದು ನಿಮಗೆ ಗೊತ್ತು. ಕ್ಲಾಸು ಹಿಡಿತದಲ್ಲಿಲ್ಲ ಎಂದು ಪಕ್ಕದ ಮೇಷ್ಟ್ರಿಗೆ ಗೊತ್ತಾಗುವುದು ನಮ್ಮಲ್ಲಿ ದೊಡ್ಡ ಅವಮಾನ. ಆದರೆ ಪಕ್ಕದ ರೂಮಿನ ಹಿಸ್ಟರಿ ಮೇಡಂ ಬಾಗಿಲು ತಟ್ಟಿ ಒಳಗೆ ಬಂದರು. ಅವರು ವೇಲ್ಸ್‌ನವರು. ಇಬ್ಬರು ಹುಡುಗರನ್ನು ಹೆಸರು ಹಿಡಿದು ಕರೆದು, ತಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡರು. ಸಂಜೆ ನನ್ನ ಹತ್ತಿರ ಕುಳಿತು ಹೇಳಿದರು: ಇಲ್ಲಿ ಹೀಗೆ ಮಕ್ಕಳನ್ನು ಪಕ್ಕದ ಕ್ಲಾಸಿಗೆ ಕಳಿಸುವ ಪದ್ಧತಿಯೇ ಇದೆ, ನಾಳೆ ನನ್ನ ಕ್ಲಾಸಿನಿಂದಲೂ ನಿನ್ನ ಕ್ಲಾಸಿಗೆ ಕಳಿಸುತ್ತೇನೆ.

ಮೇಡಂ, ನಾನು ಇಲ್ಲಿ ಕಲಿತ ಕಷ್ಟದ ಪಾಠ ಇದೇ. ನಮ್ಮೂರಿನಲ್ಲಿ ಮುಖ ಬಾಡಿದ್ದರೆ ಸಾಕು, ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಸುತ್ತ ಸೇರಿ ಏನಾಯ್ತು ಎಂದು ಕೇಳುತ್ತಾರೆ. ಇಲ್ಲಿ ಆ ಇಬ್ಬರ ಹಾಗೆ ಕೇಳದೆಯೇ ಬರುವವರು ಕಡಿಮೆ. ಹೆಚ್ಚಿನವರು ನೋಡುತ್ತಾರೆ, ಅವರಿಗೂ ಮರುಕವಿರುತ್ತದೆ, ಆದರೆ ನಿಮ್ಮ ವಿಷಯದಲ್ಲಿ ತಲೆ ಹಾಕಬಾರದು ಎಂದು ಸುಮ್ಮನಿರುತ್ತಾರೆ. ಬಾಯಿ ಬಿಟ್ಟು ಕೇಳಿದರೆ ಮಾತ್ರ ಎಲ್ಲ ಕೆಲಸ ಬಿಟ್ಟು ಬರುತ್ತಾರೆ. ನನ್ನ ಕ್ಯೂಟಿಎಸ್ ಫೈಲನ್ನು ಹಿಸ್ಟರಿ ಮೇಡಂ ಪುಟ ಪುಟವಾಗಿ ಓದಿದ್ದು ನಾನು ಕೇಳಿದ ಮೇಲೆ. ಅವರ ಪಿಪಿಎ ಅವಧಿಯನ್ನೇ ನನಗೆ ಕೊಟ್ಟರು. ಪಾಠದ ತಯಾರಿಗೆಂದು ಶಿಕ್ಷಕರಿಗೆ ಸಿಗುವ ಹತ್ತು ಪರ್ಸೆಂಟ್ ಸಮಯ ಅದು, ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆ ಋಣ ದೊಡ್ಡದು.

ಆ ಮೇಷ್ಟ್ರು, ಆ ಮೇಡಂ, ನಾನು. ಮೂವರೂ ಒಂದೇ ಮನೆಯವರ ಹಾಗಾಗಿ ಎರಡು ದಶಕ ದಾಟಿತು. ಈಗ ಅವರಿಬ್ಬರೂ ರಿಟೈರ್ ಆಗಿದ್ದಾರೆ. ಆದರೂ ಟರ್ಮಿನ ನಡುವೆ ಬರುವ ಪ್ರತಿ ಹಾಫ್ ಟರ್ಮ್ ರಜೆಯಲ್ಲಿ ಸೇರುತ್ತೇವೆ. ಆಗಸ್ಟಿನಲ್ಲಿ ಹದಿನಾರರ ಮಕ್ಕಳ ಜಿಸಿಎಸ್‌ಇ ಪರೀಕ್ಷೆಯ ಫಲಿತಾಂಶ ಬರುವ ಗುರುವಾರ ಬೆಳಿಗ್ಗೆ ಇಬ್ಬರ ಮೆಸೇಜೂ ಬಂದಿರುತ್ತದೆ: "ನಮ್ಮ ಮಕ್ಕಳು ಹೇಗೆ ಮಾಡಿದ್ದಾರೆ?"

ನನ್ನ ಅಮ್ಮನಿಗೂ ಇವರಿಬ್ಬರೂ ಗೊತ್ತಿದ್ದರು. ಭಾನುವಾರದ ಫೋನಿನಲ್ಲಿ "ಜಮೈಕಾ ಮೇಷ್ಟ್ರ ಮಂಡಿನೋವು ಹೇಗಿದೆ" ಎಂದು ಕೇಳದೆ ಇಡುತ್ತಿರಲಿಲ್ಲ. ಅಮ್ಮನಿಗೆ ಪ್ರಾಯವಾಗಿತ್ತು, ವಿಮಾನ ಹತ್ತುವುದು ಆಗದ ಮಾತು. ನಾವೇ ಮೂವರೂ ಮೈಸೂರಿಗೆ ಹೋಗೋಣ ಎಂದು 2020ರ ಈಸ್ಟರ್ ರಜೆಗೆ ಟಿಕೆಟ್ ಮಾಡಿಸಿದೆವು. ಮಾರ್ಚಿನಲ್ಲಿ ಕೋವಿಡ್‌ನಿಂದ ಇಂಡಿಯಾದ ಟೂರಿಸ್ಟ್ ವೀಸಾಗಳು ನಿಂತವು, ಆಮೇಲೆ ವಿಮಾನಗಳೂ ನಿಂತವು. ಮುಂದಿನ ವರ್ಷ ಹೋಗೋಣ ಎಂದುಕೊಂಡೆವು. 2021ರ ಏಪ್ರಿಲ್ ಕೊನೆಯಲ್ಲಿ ಅಮ್ಮ ತೀರಿಕೊಂಡರು. ಹೊರಟಿದ್ದರೂ ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು.

ಆಗ ಇಲ್ಲಿ ಇನ್ನೊಬ್ಬರ ಮನೆಯೊಳಗೆ ಹೋಗುವ ಹಾಗಿರಲಿಲ್ಲ. ಹೊರಗೆ ಮಾತ್ರ ಆರು ಜನ ಸೇರಬಹುದಿತ್ತು. ಇಬ್ಬರೂ ಬಂದು ಹಿತ್ತಲಿನಲ್ಲಿ ಕೋಟು ಹಾಕಿಕೊಂಡು ಸಂಜೆಯವರೆಗೆ ಕುಳಿತರು. ಅಮ್ಮನ ಬಗ್ಗೆ ಅವರಿಗೆ ಎಷ್ಟೊಂದು ಗೊತ್ತಿತ್ತು! ಅವರವರೇ ಮಾತಾಡಿಕೊಂಡರು, ನಾನು ಕೇಳಿದೆ. ಅವರನ್ನು ಅಮ್ಮನ ಎದುರು ಕರೆದುಕೊಂಡು ಹೋಗಿ "ನೋಡಮ್ಮ, ಇವರೇ" ಎನ್ನಲಾಗಲಿಲ್ಲ ಎಂಬ ನೋವು ಇವತ್ತಿಗೂ ಇದೆ. ಅದು ಹೋಗುವುದಿಲ್ಲ.

ಅದಕ್ಕೇ ನಿಮ್ಮ ಮನೆಯವರ ಬಗ್ಗೆ ಹೇಳುವುದು ಇಷ್ಟು. ಗಂಡ, ಮಗುವನ್ನು ಸಾಧ್ಯವಾದರೆ ಜೊತೆಗೇ ಕರೆತನ್ನಿ. ಅಪ್ಪ ಅಮ್ಮ ಓಡಾಡುವ ಹಾಗಿರುವಾಗಲೇ ಒಂದು ಬೇಸಿಗೆ ಇಲ್ಲಿಗೆ ಕರೆಸಿ. ಮನೆ ದೊಡ್ಡದಾಗಲಿ, ಕಾರು ಬರಲಿ ಎಂದು ಕಾಯಬೇಡಿ. ಶಾಲೆಗೂ ಒಂದು ದಿನ ಕರೆದುಕೊಂಡು ಹೋಗಿ, ಜೊತೆಯವರನ್ನು ಪರಿಚಯ ಮಾಡಿಸಿ.

ಇನ್ನೆರಡು ಮಾತು ಮರೆತಿದ್ದೆ. ಬಂದ ತಕ್ಷಣ ಒಂದು ಯೂನಿಯನ್ ಸೇರಿಕೊಳ್ಳಿ. ಶಾಲೆ ಹಿಡಿಸದಿದ್ದರೆ ಬೇಕಾದಾಗ ಬಿಡಲು ಬರುವುದಿಲ್ಲ. ಸಾಮಾನ್ಯವಾಗಿ ಅಕ್ಟೋಬರ್ 31, ಫೆಬ್ರವರಿ ಕೊನೆ, ಮೇ 31ರೊಳಗೆ ರಾಜೀನಾಮೆ ಕೊಡಬೇಕು. ನಿಮ್ಮ ವೀಸಾ ಆ ಶಾಲೆಗೇ ಕಟ್ಟಿಕೊಂಡಿರುವುದರಿಂದ ಮುಂದಿನ ಕೆಲಸ ಗಟ್ಟಿಯಾಗುವವರೆಗೆ ಪತ್ರ ಕೊಡಬೇಡಿ.

ಅಕ್ಟೋಬರ್ ಹಾಫ್ ಟರ್ಮ್‌ಗೆ ನಮ್ಮ ಮನೆಗೆ ಬನ್ನಿ. ಕೆಂಟ್‌ನಿಂದ ಎಸೆಕ್ಸ್ ದೂರವೇನಲ್ಲ. ಅವರಿಬ್ಬರೂ ಬಂದಿರುತ್ತಾರೆ. ಯಿಯರ್ 9ರ ಬಾಟಮ್ ಸೆಟ್ ನಿಮಗೂ ಬಂದಿದ್ದರೆ ಆ ಮೇಷ್ಟ್ರನ್ನೇ ಕೇಳಿ, ಅವರ ಹತ್ತಿರ ಉಪಾಯಗಳಿವೆ.