ಆ ಧ್ವನಿ ಎಲ್ಲಿಗೆ ಹೋಯಿತು ಎಂದು ಹೇಳಬೇಕಾದವರು ಯಾರು?

ಸೇಡಂ ತಾಲ್ಲೂಕಿನ ನಿವೃತ್ತ ಶಿಕ್ಷಕಿಯೊಬ್ಬರು ಆಕಾಶವಾಣಿಯ ಬಗ್ಗೆ ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಅಚ್ಚಾಗುವುದು ಬೇಡ ಎಂದಿದ್ದಾರೆ. ದಸರೆಯ ದಿನಗಳಲ್ಲಿ ವಿಶೇಷ ಕಾರ್ಯಕ್ರಮಕ್ಕೆಂದು ಸಂಜೆಯ ಕೃಷಿರಂಗವನ್ನು ಮೊಟಕು ಮಾಡಿದರು ಎಂಬುದು ಅವರ ಮೊದಲ ದೂರು. ಹಬ್ಬ ಮುಗಿದ ಮೇಲೆ ಕೇಳಿದರೆ, ವರ್ಷಗಳಿಂದ ಬೆಳಗಿನ ಪ್ರಸಾರ ನಡೆಸುತ್ತಿದ್ದ ಉದ್ಘೋಷಕಿಯೇ ಇರಲಿಲ್ಲವಂತೆ. "ಎಲ್ಲಿ ಹೋದ್ರು, ಯಾಕ ಹೋದ್ರು, ಒಂದ್ ಮಾತ್ ಸೈತ ಹೇಳ್ಲಿಲ್ಲ" ಎಂದು ಬರೆದಿದ್ದಾರೆ. ಆ ಜಾಗಕ್ಕೆ ಬಂದ ಹುಡುಗಿ "ರೇಡಿಯೊದಾಗ ಮನಿ ಮಾತು ಆಡ್ತಾಳ" ಎಂಬ ಬೇಸರವೂ ಇದೆ. ವಿಶೇಷ ಕಾರ್ಯಕ್ರಮಗಳನ್ನು ನಿಲ್ಲಿಸಿ ಹಳೆಯ ಧ್ವನಿಯನ್ನು ಮರಳಿ ತರುವಂತೆ ಪತ್ರಿಕೆ ಒತ್ತಾಯಿಸಬೇಕು ಎಂದು ಕೇಳಿದ್ದಾರೆ.

ಅಕ್ಕೋರೇ, ಶರಣು.

ನೀವು ದೂರಿದ ನಿಲಯದ ಹೆಸರನ್ನು ಇಲ್ಲಿ ಹಾಕಿಲ್ಲ. ಇದು ಒಂದೇ ನಿಲಯದ ಮಾತಲ್ಲ. ಇಂಥದೇ ಬೇಸರವನ್ನು ಬೀದರಿನವರೂ ಯಾದಗಿರಿಯವರೂ ಹೇಳಿಕೊಳ್ಳುತ್ತಾರೆ.

ವಿಶೇಷ ಕಾರ್ಯಕ್ರಮ ನಿಲ್ಲಬೇಕು ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ನಮ್ಮ ಭಾಗದವರಂತೂ ಆ ಮಾತು ಆಡಲೇಬಾರದು. 1948ರ ಸೆಪ್ಟೆಂಬರ್ 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಸೋಲೊಪ್ಪಿಕೊಂಡದ್ದನ್ನು ಸಾರಿದ್ದು ಹೈದರಾಬಾದಿನ ರೇಡಿಯೊದಿಂದಲೇ. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳಿಗೆ ಸ್ವಾತಂತ್ರ್ಯ ಬಂತೆಂಬ ಸುದ್ದಿ ಗಾಳಿಯಲ್ಲಿ ತೇಲಿ ಬಂದದ್ದು ಹಾಗೆ. ಅಂದಮೇಲೆ ಪ್ರತಿ ಸೆಪ್ಟೆಂಬರ್ 17ಕ್ಕೆ ರೇಡಿಯೊ ದಿನದ ಪಾಡನ್ನು ಬದಿಗಿಟ್ಟು ಆ ದಿನದ ಕಥೆ ಹೇಳಬೇಕಾದದ್ದು ಅದರ ಧರ್ಮ. ಶರಣಬಸವೇಶ್ವರರ ಜಾತ್ರೆಯ ದಿನ ಕಾಲುನೋವಿನಿಂದ ಮನೆಯಲ್ಲೇ ಉಳಿದ ಮುದುಕಿಗೆ ತೇರು ಎಳೆಯುವ ಸದ್ದು ಕೇಳಿಸಿದರೆ, ಬಂದೇನವಾಜರ ಉರುಸಿನ ದಿನ ಕವ್ವಾಲಿ ಕೇಳಿಸಿದರೆ, ಅದನ್ನು ಹೆಚ್ಚುವರಿ ಎನ್ನಲಾದೀತೆ? ಇಂಥ ದಿನಗಳಿಗಾಗಿಯೇ ಊರಿಗೊಂದು ನಿಲಯ ಬೇಕು. ಇಲ್ಲವಾದರೆ ಬೆಂಗಳೂರಿನಿಂದಲೇ ಎಲ್ಲವನ್ನೂ ಬಿತ್ತರಿಸಬಹುದಿತ್ತು. 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬರುವ ಅಗತ್ಯವೇ ಇರಲಿಲ್ಲ.

ನನ್ನ ತಕರಾರಿರುವುದು ಆ ವಿಶೇಷದಲ್ಲಿ ಏನನ್ನು ತುಂಬುತ್ತಾರೆ ಎಂಬುದರ ಬಗ್ಗೆ. ಸೆಪ್ಟೆಂಬರ್ 17 ಬಂದರೆ ಧ್ವಜಾರೋಹಣದ ಭಾಷಣ, ನಾಲ್ಕು ದೇಶಭಕ್ತಿಗೀತೆ, ಒಂದು ಉಪನ್ಯಾಸ, ಅಲ್ಲಿಗೆ ಮುಗಿಯಿತು. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಕೇಳಿ ಬೆಳೆದ ಮನೆಗಳಿವೆ, ರಾತ್ರೋರಾತ್ರಿ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋದವರ ಮಕ್ಕಳಿದ್ದಾರೆ. ಒಂದು ರೆಕಾರ್ಡರ್ ಹಿಡಿದು ಆ ಕಟ್ಟೆಗಳ ಮೇಲೆ ಕೂತು ಮಾತಾಡಿಸಿದರೆ ಸಾಕು. ಇನ್ನೈದು ವರ್ಷ ತಡ ಮಾಡಿದರೆ ಮಾತಾಡಿಸಲು ಯಾರೂ ಉಳಿದಿರುವುದಿಲ್ಲ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕೃಷಿರಂಗದ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ದಸರೆಯ ಹೊತ್ತಿಗೆ ನಮ್ಮ ಹೊಲಗಳಲ್ಲಿ ತೊಗರಿ ಹೂವಿಗೆ ಬರಲು ಅಣಿಯಾಗುತ್ತದೆ. ಅದರ ಹಿಂದೆಯೇ ಕಾಯಿಕೊರಕ ಬರುತ್ತದೆ. ಯಾವಾಗ ಔಷಧ ಹೊಡೆಯಬೇಕು, ಗಿಡ ಅಲುಗಾಡಿಸಿ ಹುಳ ಉದುರಿಸಿದರೆ ಎಷ್ಟು ಖರ್ಚು ಉಳಿದೀತು ಎಂಬ ಮಾತು ಆ ವಾರವೇ ರೈತನ ಕಿವಿಗೆ ಬೀಳಬೇಕು, ಹಬ್ಬ ಕಳೆದ ಮೇಲಲ್ಲ. ವಿಜಯದಶಮಿಯ ದಿನ ಮೈಸೂರಿನ ಜಂಬೂಸವಾರಿಯ ವೀಕ್ಷಕ ವಿವರಣೆ ಬರಲಿ, ಸಂತೋಷ. ಆದರೆ ಉಳಿದ ಸಂಜೆಗಳಲ್ಲಿ ಸಂಗೀತ ಕಛೇರಿಗೆ ಜಾಗ ಮಾಡಲು ಹೊಲದ ಮಾತನ್ನೇ ಕತ್ತರಿಸಬೇಕೆ? ಕೊಯ್ಯುವುದಾದರೆ ಚಿತ್ರಗೀತೆಯ ಅರ್ಧ ತಾಸು ಕೊಯ್ಯಲಿ. ಚಿತ್ರಗೀತೆ ಮೊಬೈಲಿನಲ್ಲೂ ಸಿಗುತ್ತದೆ. ಈ ಮಣ್ಣಿಗೆ, ಈ ವಾರಕ್ಕೆ ಹೊಂದುವ ಸಲಹೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ರಾಷ್ಟ್ರಪತಿಗಳ ಭಾಷಣದಂಥ ಸಹಪ್ರಸಾರಗಳನ್ನು ಬಿಡುವುದು ಸ್ಥಳೀಯ ನಿಲಯದ ಕೈಯಲ್ಲಿಲ್ಲ, ಅದನ್ನು ನಾವೂ ಅರ್ಥ ಮಾಡಿಕೊಳ್ಳಬೇಕು.

ಈಗ ಆ ಧ್ವನಿಯ ವಿಷಯ.

ಬೆಳಗಿನ ಹೊತ್ತು ರೇಡಿಯೊದಲ್ಲಿ ಮಾತಾಡುವವರು ಹೆಚ್ಚಿನ ಸಲ ಕಾಯಂ ನೌಕರರಲ್ಲ. ಧ್ವನಿಪರೀಕ್ಷೆ ಪಾಸಾಗಿ ಬಂದ ಸಾಂದರ್ಭಿಕ ಉದ್ಘೋಷಕರು ಅವರು. ಒಬ್ಬರಿಗೆ ತಿಂಗಳಿಗೆ ಸಾಮಾನ್ಯವಾಗಿ 6 ಡ್ಯೂಟಿ, ಅದರ ಸಂಭಾವನೆ, ಅಷ್ಟೇ. ಕಾಯಂ ಆದವರು 60ಕ್ಕೆ ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ಹೊಸಬರನ್ನು ಕಾಯಂ ಆಗಿ ತೆಗೆದುಕೊಂಡದ್ದು ಬಹಳ ಕಡಿಮೆ. ನಿಮಗೆ ದಿನಾ ಜೊತೆಗಿದ್ದಂತೆ ಅನ್ನಿಸಿದ ಆಕೆ ತಿಂಗಳ ಆರು ದಿನದ ದುಡಿಮೆಯನ್ನು ನೆಚ್ಚಿ ಬದುಕಿದವರೂ ಆಗಿರಬಹುದು. ಮದುವೆ, ಮಕ್ಕಳ ಶಾಲೆ, ಬೇರೆ ಕಡೆ ಸಿಕ್ಕ ನೌಕರಿ, ಯಾವುದೋ ಒಂದು ಕಾರಣಕ್ಕೆ ಡ್ಯೂಟಿ ಬಿಟ್ಟಿರಬಹುದು. ಮರಳಿ ಬನ್ನಿ ಎಂದು ಒತ್ತಾಯಿಸುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ.

ಹೋದರೆಂದು ತಿಳಿಯುವ ಹಕ್ಕು ಮಾತ್ರ ನಿಮಗಿದೆ. ಈ ಪತ್ರದಲ್ಲಿ ನಾನು ಗಟ್ಟಿಯಾಗಿ ಹೇಳಬೇಕೆಂದಿರುವುದು ಇದನ್ನೇ. ಸಂಸ್ಕೃತ ತಿಳಿಯದವರಿಗೂ "ಪ್ರವಾಚಕಃ ಬಲದೇವಾನಂದ ಸಾಗರಃ" ಎಂಬುದು ಬಾಯಿಪಾಠವಾಗಿದ್ದು ವಾರ್ತೆ ಓದುವವರು ಮೊದಲು ತಮ್ಮ ಹೆಸರು ಹೇಳುವ ಪದ್ಧತಿಯಿಂದ. ಎರಡು ಮೂರು ತಾಸು ನಮ್ಮ ಅಡುಗೆಮನೆಯಲ್ಲಿ, ದನದ ಕೊಟ್ಟಿಗೆಯಲ್ಲಿ ಜೊತೆಗಿರುವವರಿಗೂ ಆ ಮರ್ಯಾದೆ ಸಲ್ಲಬೇಕು. ಬಂದ ದಿನ ಅವರ ಹೆಸರು, ಊರು ತಿಳಿಸಲಿ. ಹೋಗುವ ದಿನ ಅವರಿಗೇ ಐದು ನಿಮಿಷ ಕೊಟ್ಟು, ಕೇಳುಗರಿಂದ ಬೀಳ್ಕೊಳ್ಳಲು ಬಿಡಲಿ. ಇದಕ್ಕೆ ಅನುದಾನ ಬೇಕಿಲ್ಲ, ದೆಹಲಿಯ ಮಂಜೂರಾತಿಯೂ ಬೇಕಿಲ್ಲ. ಮನೆಗೆ ಬಂದ ಬೀಗರೂ ಹೇಳದೆ ಎದ್ದು ಹೋಗುವುದಿಲ್ಲವಲ್ಲ.

ಹೊಸ ಹುಡುಗಿಯ ವಿಷಯದಲ್ಲಿ ಮಾತ್ರ ನಿಮ್ಮೊಡನೆ ಜಗಳಾಡುವೆ, ಅಕ್ಕೋರೇ. "ಹೌದಲ್ರೀ", "ಖರೇ ಅದ ನೋಡ್ರಿ" ಎಂದು ಆಕೆ ಮಾತಾಡಿದ್ದು ನಿಮಗೆ ಸರಿಬರಲಿಲ್ಲ. ವರ್ಷಗಟ್ಟಲೆ ಶಾಲೆಯಲ್ಲಿ ಮಕ್ಕಳ ಭಾಷೆ ತಿದ್ದಿದವರು ನೀವು, ನಿಮ್ಮ ಕಿವಿ ಹಾಗೆ ಪಳಗಿದೆ. ಆದರೆ ಕಡಕೋಳದ ಮಡಿವಾಳಪ್ಪನವರ ತತ್ವಪದ, ಮೊಹರಮ್ಮಿನ ರಿವಾಯತ್ ಪದ, ಎಲ್ಲವೂ ಹುಟ್ಟಿದ್ದು ಈ ಮನೆಮಾತಿನಲ್ಲೇ. ಪದವಾದರೆ ರೇಡಿಯೊದಲ್ಲಿ ಸರಿ, ಮಾತಾದರೆ ತಪ್ಪು ಎಂದರೆ ಹೇಗೆ? ವಾರ್ತೆಯನ್ನೂ ಆಸ್ಪತ್ರೆ, ಹವಾಮಾನದ ಸೂಚನೆಗಳನ್ನೂ ಎಲ್ಲರಿಗೂ ತಿಳಿಯುವ ಬರಹದ ಕನ್ನಡದಲ್ಲಿ ಓದಲಿ. ಉಳಿದ ಹೊತ್ತು ಆಕೆ ನಮ್ಮವರ ಹಾಗೆಯೇ ಮಾತಾಡಲಿ. ಚಿಂಚೋಳಿಯ ತಾಂಡಾದಿಂದ ಫೋನ್ ಮಾಡುವ ಹೆಂಗಸು ಆ ಮಾತು ಕೇಳಿಯೇ ಧೈರ್ಯವಾಗಿ ಬಾಯಿ ಬಿಟ್ಟಾಳು. ನೀವು ತಪ್ಪು ಹಿಡಿಯಬೇಕಾದದ್ದು ಬೇರೆ: ಊರ ಹೆಸರು, ಕವಿಗಳ ಹೆಸರು ತಪ್ಪಾಗಿ ಉಚ್ಚರಿಸಿದರೆ ಪತ್ರ ಬರೆಯಿರಿ. ಒಂದು ವರ್ಷವಾದರೂ ಆಕೆಯನ್ನು ಕೇಳಿ ನೋಡಿ.

ಇನ್ನು ಮಾಡಬೇಕಾದದ್ದು. ಒಂದು ಕಾಲಕ್ಕೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪಡೆದು ರೇಡಿಯೊ ಇಟ್ಟುಕೊಳ್ಳಬೇಕಿತ್ತು. ಈಗ ಲೈಸೆನ್ಸ್ ಇಲ್ಲ, ಆದರೆ ಆಕಾಶವಾಣಿ ನಡೆಯುವುದು ಇಂದಿಗೂ ಜನರ ತೆರಿಗೆಯ ಆಸರೆಯಲ್ಲೇ. ಹಾಗಾಗಿ ಕೇಳಲು ಸಂಕೋಚ ಬೇಡ. ನಿಲಯದ ಕಾರ್ಯಕ್ರಮ ಮುಖ್ಯಸ್ಥರಿಗೆ ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಾರ್ಯಕ್ರಮ ತಪ್ಪಿತು ಎಂದು ಖಚಿತವಾಗಿ ನಮೂದಿಸಿ. "ಕಾರ್ಯಕ್ರಮ ಚಲೋ ಇಲ್ಲ" ಎಂಬ ಪತ್ರ ಕಡತ ಸೇರುತ್ತದೆ. ದಿನಾಂಕ, ವೇಳೆ ಇರುವ ಪತ್ರಕ್ಕೆ ಯಾರಾದರೂ ಉತ್ತರ ಹೇಳಲೇಬೇಕಾಗುತ್ತದೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಪ್ರಸಾರ ಭಾರತಿಗೂ ಆ ಕಾಯ್ದೆ ಅನ್ವಯಿಸುತ್ತದೆ. ಊರಿನ ಇನ್ನಷ್ಟು ಕೇಳುಗರ ಸಹಿ ಇದ್ದರೆ ಇನ್ನೂ ಒಳ್ಳೆಯದು.

ನಮ್ಮ ಪತ್ರಿಕೆಯ ಪರವಾಗಿ ಒಂದು ಮಾತು ಕೊಡುತ್ತೇನೆ. ಹಬ್ಬ, ಜಾತ್ರೆ, ಉತ್ಸವಗಳ ವಿಶೇಷ ಕಾರ್ಯಕ್ರಮಗಳ ಪಟ್ಟಿಯನ್ನೂ, ಆ ದಿನ ಯಾವ ನಿತ್ಯದ ಕಾರ್ಯಕ್ರಮ ಎಷ್ಟು ಗಂಟೆಗೆ ಸರಿಯುತ್ತದೆ ಎಂಬುದನ್ನೂ ನಮ್ಮ ಮೂರು ಜಿಲ್ಲೆಗಳ ಯಾವುದೇ ನಿಲಯ ತಿಂಗಳು ಮೊದಲೇ ಕಳಿಸಿದರೆ, ಜಾಹೀರಾತಿನ ದುಡ್ಡು ಕೇಳದೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಹೊಸ ಉದ್ಘೋಷಕರ ಪರಿಚಯವನ್ನೂ ಹಾಕುತ್ತೇವೆ. ಈ ಸಂಚಿಕೆಯ ಪ್ರತಿಯನ್ನು ನೀವು ಹೆಸರಿಸಿದ ನಿಲಯಕ್ಕೆ ಈ ವಾರವೇ ಕಳಿಸುತ್ತಿದ್ದೇನೆ.

– ಸಂಪಾದಕ